ಅಣುವಿನೊಳಗಣ ಬಂಧ, ಅಣುಗಳ ನಡುವಣ ಸೆಳೆತ

ಒಲೆಯ ಮೇಲೆ ನೀರು ಕುದಿಯುವಾಗ ಪಾತ್ರೆಯ ತಳದಿಂದ ಮೇಲೇಳುವ ಗುಳ್ಳೆಗಳಲ್ಲಿ ಏನಿರುತ್ತದೆ? ಪ್ರೌಢಶಾಲೆಯ ವಿದ್ಯಾರ್ಥಿಗಳ ಮುಂದೆ ಈ ಪ್ರಶ್ನೆಯನ್ನಿಟ್ಟರೆ ಬರುವ ಉತ್ತರಗಳು ವಿಚಾರಕ್ಕೆ ಎಡೆಗೊಡುವಂತಹವು. ಕೆಲವರು ಗಾಳಿ ಎನ್ನುತ್ತಾರೆ. ಕೆಲವರು ಶಾಖ ಎನ್ನುತ್ತಾರೆ. ನೀರಿನ ಅಣುಸೂತ್ರವನ್ನು ಚೆನ್ನಾಗಿ ಬಾಯಿಪಾಠ ಮಾಡಿದವರು ಅನೇಕ ವೇಳೆ 'ಜಲಜನಕ ಮತ್ತು ಆಮ್ಲಜನಕ' ಎಂದು ಉತ್ತರಿಸುತ್ತಾರೆ. ಬೇರೆ ಬೇರೆ ದೇಶಗಳ ಶಿಕ್ಷಣತಜ್ಞರು 1980ರ ದಶಕದಿಂದೀಚೆಗೆ ನಡೆಸಿರುವ ಪರಿಶೀಲನೆಗಳಲ್ಲಿಯೂ ಇಂತಹ ಉತ್ತರಗಳೇ ಕಂಡುಬಂದಿವೆ. ನಿಜವಾದ ಉತ್ತರ ಸರಳವಾದುದು. ಗುಳ್ಳೆಗಳಲ್ಲಿರುವುದು ನೀರೇ; ಆದರೆ ಅನಿಲರೂಪದ ನೀರು. ಜಲಜನಕವೂ ಆಮ್ಲಜನಕವೂ ಬೇರ್ಪಟ್ಟು ಹೊರಬರುತ್ತಿದ್ದರೆ, ಅವೆರಡರ ಮಿಶ್ರಣಕ್ಕೆ ಕೆಳಗಿನ ಉರಿಯೇ ಕಿಡಿಯಾಗಿ, ಅನ್ನಕ್ಕೆ ಎಸರಿಟ್ಟ ಪ್ರತಿಯೊಂದು ಮನೆಯಲ್ಲಿಯೂ ಸ್ಫೋಟವಾಗಬೇಕಾಗಿತ್ತು.

ಈ ತಪ್ಪು ಉತ್ತರದ ಮೂಲವು ಅಜ್ಞಾನವಲ್ಲ. ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೆಂದು ಭಾವಿಸಿರುವುದೇ ಅದರ ಮೂಲ. ಪರಮಾಣುಗಳನ್ನು ಪರಸ್ಪರ ಹಿಡಿದಿಟ್ಟು ಅಣುವನ್ನಾಗಿ ಮಾಡುವ ಬಲವೊಂದು. ಇದನ್ನೇ ರಾಸಾಯನಿಕ ಬಂಧವೆನ್ನುತ್ತೇವೆ. ಹಾಗೆ ರೂಪುಗೊಂಡ ಅಣುವಿಗೂ ನೆರೆಯ ಅಣುವಿಗೂ ನಡುವೆ ಇರುವ ಸೆಳೆತ ಇನ್ನೊಂದು. ಮೊದಲನೆಯದು ಬಲಿಷ್ಠವಾದುದು, ಎರಡನೆಯದು ಅದರ ಮುಂದೆ ಬಹಳ ದುರ್ಬಲವಾದುದು. ನೀರು ಹಬೆಯಾಗುವಾಗ ಸಡಿಲುವುದು ಎರಡನೆಯದು ಮಾತ್ರ. ರಸಾಯನಶಾಸ್ತ್ರದ ಪ್ರಥಮ ಪಾಠಗಳಲ್ಲಿ ಬಂಧ ಮತ್ತು ಅನಿಲ ಎಂಬ ಎರಡು ಅಧ್ಯಾಯಗಳು ಬೇರೆಬೇರೆಯಾಗಿ ಬರುತ್ತವೆ. ಆದರೆ ಒಂದನ್ನು ಇನ್ನೊಂದರ ಬೆಳಕಿನಲ್ಲಿ ನೋಡಿದಾಗಲೇ ಎರಡೂ ಅರ್ಥವಾಗುತ್ತವೆ ಎಂಬುದನ್ನು ಈ ಶಾಸ್ತ್ರದ ಇತಿಹಾಸವೇ ತೋರಿಸಿಕೊಡುತ್ತದೆ.

ಅನಿಲಗಳ ಸಮಾನ ಧರ್ಮ

1662ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯಿಲನು ಅನಿಲದ ಒತ್ತಡಕ್ಕೂ ಗಾತ್ರಕ್ಕೂ ಇರುವ ಸಂಬಂಧವನ್ನು ಪ್ರಕಟಿಸಿದನು. ಉಷ್ಣತೆ ಬದಲಾಗದಿದ್ದಲ್ಲಿ, ಒತ್ತಡವನ್ನು ಎರಡು ಪಟ್ಟು ಮಾಡಿದರೆ ಅನಿಲದ ಗಾತ್ರ ಅರ್ಧಕ್ಕಿಳಿಯುತ್ತದೆ. ಮೂರು ಪಟ್ಟು ಮಾಡಿದರೆ ಮೂರರಲ್ಲಿ ಒಂದು ಪಾಲಿಗಿಳಿಯುತ್ತದೆ. ಫ್ರಾನ್ಸಿನ ಷಾರ್ಲ್ಸ್ ಎಂಬಾತನು ಸುಮಾರು 1787ರಲ್ಲಿ ಉಷ್ಣತೆಯ ಪರಿಣಾಮವನ್ನು ಗುರುತಿಸಿದನಾದರೂ ಪ್ರಕಟಿಸಲಿಲ್ಲ. 1802ರಲ್ಲಿ ಗೇ-ಲುಸಾಕನು ಅದನ್ನು ನಿಯಮರೂಪದಲ್ಲಿ ಲೋಕದ ಮುಂದಿಟ್ಟನು. ಇಂದಿನ ಅಳತೆಯಂತೆ ಹೇಳುವುದಾದರೆ, ಒತ್ತಡ ಸ್ಥಿರವಾಗಿರುವಾಗ ಉಷ್ಣತೆ ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದಂತೆಲ್ಲ, ಅನಿಲವು ಸೊನ್ನೆ ಡಿಗ್ರಿಯಲ್ಲಿ ತನಗಿದ್ದ ಗಾತ್ರದ 273ರಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ.

ಇಲ್ಲಿ ಸೋಜಿಗದ ಮಾತೊಂದಿದೆ. ಕಬ್ಬಿಣ, ತಾಮ್ರ, ಗಾಜು ಇವುಗಳನ್ನು ಕಾಯಿಸಿದರೆ ಒಂದೊಂದು ಒಂದೊಂದು ಪ್ರಮಾಣದಲ್ಲಿ ಹಿಗ್ಗುತ್ತದೆ. ಎಣ್ಣೆ, ನೀರು, ಪಾದರಸಗಳೂ ಹಾಗೆಯೇ. ಆದರೆ ಜಲಜನಕವಾಗಲಿ, ಸಾರಜನಕವಾಗಲಿ, ಇಂಗಾಲದ ಡೈಆಕ್ಸೈಡಾಗಲಿ, ಸಾಮಾನ್ಯ ಸ್ಥಿತಿಯಲ್ಲಿ ಎಲ್ಲವೂ ಹೆಚ್ಚುಕಡಮೆ ಒಂದೇ ನಿಯಮಕ್ಕೆ ತಲೆಬಾಗುತ್ತವೆ. ಗುಣದಲ್ಲಿ ಇಷ್ಟು ಭಿನ್ನವಾದ ವಸ್ತುಗಳು ವರ್ತನೆಯಲ್ಲಿ ಒಂದಾಗುವುದು ಹೇಗೆ?

ಇದಕ್ಕೆ ಉತ್ತರವಿರುವುದು ಅಣುಗಳ ನಡುವಣ ಅಂತರದಲ್ಲಿ. ಹದಿನೆಂಟು ಗ್ರಾಂ ನೀರು ದ್ರವರೂಪದಲ್ಲಿದ್ದಾಗ ಹದಿನೆಂಟು ಮಿಲಿಲೀಟರು ಜಾಗವನ್ನಷ್ಟೇ ಹಿಡಿಯುತ್ತದೆ. ಅದೇ ನೀರು 100 ಡಿಗ್ರಿಯಲ್ಲಿ ಹಬೆಯಾದಾಗ ಸುಮಾರು 30 ಲೀಟರು ಜಾಗವನ್ನು ವ್ಯಾಪಿಸುತ್ತದೆ. ಅಣುಗಳ ಸಂಖ್ಯೆ ಅಷ್ಟೇ, ಅಣುವಿನ ಗಾತ್ರವೂ ಅಷ್ಟೇ. ಹಿಗ್ಗಿದುದು ನಡುವಿನ ಬರಿದಾದ ಎಡೆ. ನಮ್ಮ ಸುತ್ತಲಿನ ಗಾಳಿಯಲ್ಲಿ ಒಂದು ಅಣುವಿಗೂ ಪಕ್ಕದ ಅಣುವಿಗೂ ಇರುವ ಸರಾಸರಿ ದೂರ ಅಣುವಿನ ಅಗಲದ ಹತ್ತು ಪಟ್ಟಿನಷ್ಟು. ಅಷ್ಟು ದೂರದಲ್ಲಿ ಪರಸ್ಪರ ಸೆಳೆತ ನಗಣ್ಯವೆನ್ನಬಹುದು. ಸಾರಜನಕದ ಅಣುಗಳು ಸಾಮಾನ್ಯ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 500 ಮೀಟರು ವೇಗದಲ್ಲಿ ಸಂಚರಿಸುತ್ತ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ, ಪಾತ್ರೆಯ ಗೋಡೆಗೆ ಬಡಿಯುತ್ತಿರುತ್ತವೆ. ಈ ಬಡಿತಗಳ ಒಟ್ಟು ಫಲವೇ ಒತ್ತಡ. 1738ರಷ್ಟು ಹಿಂದೆಯೇ ಡೇನಿಯಲ್ ಬರ್ನೂಲಿ ಈ ವಿವರಣೆಯನ್ನು ನೀಡಿದ್ದನು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಕ್ಲಾಸಿಯಸ್ ಮತ್ತು ಮ್ಯಾಕ್ಸ್‌ವೆಲ್ ಅವರು ಅದಕ್ಕೆ ಗಣಿತದ ಭದ್ರವಾದ ತಳಹದಿಯನ್ನು ಒದಗಿಸಿದರು. ಗೋಡೆಗೆ ಬಡಿಯುವ ಅಣು ಯಾವ ವಸ್ತುವಿನದು ಎಂಬುದು ಇಲ್ಲಿ ಮುಖ್ಯವಲ್ಲ. ಎಷ್ಟು ಅಣುಗಳಿವೆ, ಉಷ್ಣತೆ ಎಷ್ಟು ಎಂಬುದೇ ಮುಖ್ಯ. ಹೀಗೆ ಅನಿಲವು ಅಣುಗಳನ್ನು ಎಣಿಸುವ ಒಂದು ಸಾಧನವಾಯಿತು.

ಅರ್ಧ ಶತಮಾನದ ಗೊಂದಲ

ಆದರೆ ಈ ಎಣಿಕೆಯನ್ನು ಲೋಕವು ಕೂಡಲೇ ಒಪ್ಪಿಕೊಳ್ಳಲಿಲ್ಲ. 1808ರಲ್ಲಿ ಗೇ-ಲುಸಾಕನು ಮತ್ತೊಂದು ಸಂಗತಿಯನ್ನು ಬೆಳಕಿಗೆ ತಂದನು. ಅನಿಲಗಳು ಸಂಯೋಗವಾಗುವಾಗ ಅವುಗಳ ಗಾತ್ರಗಳು ಸರಳ ಪೂರ್ಣಾಂಕಗಳ ಪ್ರಮಾಣದಲ್ಲಿರುತ್ತವೆ. ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕ ಕೂಡಿದರೆ ಎರಡು ಪಾಲು ಹಬೆ ಉಂಟಾಗುತ್ತದೆ. ಅದೇ ವರ್ಷ ತನ್ನ ಪರಮಾಣುವಾದದ ಗ್ರಂಥವನ್ನು ಹೊರತರಲಾರಂಭಿಸಿದ್ದ ಜಾನ್ ಡಾಲ್ಟನನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವನ ಮತದಂತೆ ನೀರಿನ ಕಣವೆಂದರೆ ಒಂದು ಜಲಜನಕ, ಒಂದು ಆಮ್ಲಜನಕ. ಸಮಾನ ಗಾತ್ರಗಳಲ್ಲಿ ಸಮಾನ ಸಂಖ್ಯೆಯ ಕಣಗಳಿರುವುದಾದರೆ, ಒಂದು ಪಾಲು ಆಮ್ಲಜನಕದಿಂದ ಎರಡು ಪಾಲು ಹಬೆ ಉಂಟಾಗಲು ಆಮ್ಲಜನಕದ ಪ್ರತಿಯೊಂದು ಕಣವೂ ಎರಡಾಗಿ ಒಡೆಯಬೇಕು. ಒಡೆಯಲಾಗದ್ದೇ ಪರಮಾಣು ಎಂದವನು ಇದನ್ನು ಹೇಗೆ ಒಪ್ಪಿಯಾನು?

1811ರಲ್ಲಿ ಇಟಲಿಯ ಅಮೆಡಿಯೊ ಅವೊಗಾಡ್ರೊ ಈ ತೊಡಕನ್ನು ಬಿಡಿಸಿದನು. ಒಂದೇ ಉಷ್ಣತೆ ಮತ್ತು ಒಂದೇ ಒತ್ತಡದಲ್ಲಿ ಎಲ್ಲ ಅನಿಲಗಳ ಸಮಾನ ಗಾತ್ರಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ. ಆಮ್ಲಜನಕದ ಅಣುವು ಒಂಟಿ ಪರಮಾಣುವಲ್ಲ, ಎರಡು ಪರಮಾಣುಗಳ ಜೋಡಿ. ಒಡೆಯುವುದು ಈ ಜೋಡಿಯೇ ಹೊರತು ಪರಮಾಣುವಲ್ಲ ಎಂಬುದು ಅವನ ವಾದ. ಇಂದಿನ ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಸಹಜವೆನಿಸುವ ಈ ಮಾತನ್ನು ಅಂದಿನ ವಿದ್ವಾಂಸರು ಬದಿಗೊತ್ತಿದರು. ಅದಕ್ಕೆ ಮುಖ್ಯವಾದ ಕಾರಣ ರಾಸಾಯನಿಕ ಬಂಧವನ್ನು ಕುರಿತ ಅವರ ಕಲ್ಪನೆಯೇ. ಸ್ವೀಡನ್ನಿನ ಮಹಾವಿದ್ವಾಂಸ ಬರ್ಜೀಲಿಯಸನು ಪರಮಾಣುಗಳು ಧನ ಮತ್ತು ಋಣ ವಿದ್ಯುತ್ತಿನ ಆಕರ್ಷಣೆಯಿಂದಲೇ ಕೂಡುತ್ತವೆಂದು ಸಾಧಿಸಿದ್ದನು. ಹಾಗಿರುವಲ್ಲಿ ಎರಡು ಆಮ್ಲಜನಕ ಪರಮಾಣುಗಳು, ಎರಡೂ ಒಂದೇ ಗುಣದವು, ಒಂದನ್ನೊಂದು ದೂಡಬೇಕಲ್ಲದೆ ಕೂಡುವುದು ಹೇಗೆ? ಅನಿಲಗಳ ವರ್ತನೆ ಒಂದನ್ನು ಹೇಳುತ್ತಿತ್ತು. ಬಂಧದ ಸಿದ್ಧಾಂತ ಮತ್ತೊಂದನ್ನು ಹೇಳುತ್ತಿತ್ತು. ವಿದ್ವಾಂಸರು ಸಿದ್ಧಾಂತವನ್ನು ನಂಬಿ ಅನಿಲದ ಸಾಕ್ಷ್ಯವನ್ನು ಕೈಬಿಟ್ಟರು.

ಇದರ ಪರಿಣಾಮ ಚಿಕ್ಕದಾಗಿರಲಿಲ್ಲ. ಪರಮಾಣುಗಳ ತೂಕಗಳಲ್ಲಿ ಒಮ್ಮತವಿಲ್ಲದೆ ಒಂದೊಂದು ದೇಶದಲ್ಲಿ, ಒಂದೊಂದು ಪ್ರಯೋಗಶಾಲೆಯಲ್ಲಿ ಒಂದೊಂದು ಬಗೆಯ ಸೂತ್ರಗಳು ಬಳಕೆಗೆ ಬಂದವು. 1861ರ ತನ್ನ ಪಠ್ಯಗ್ರಂಥದಲ್ಲಿ ಕೆಕುಲೆ ಎಂಬ ಜರ್ಮನ್ ವಿಜ್ಞಾನಿಯು ಅಸಿಟಿಕ್ ಆಮ್ಲವೊಂದಕ್ಕೇ, ಎಂದರೆ ಹುಳಿಗಟ್ಟಿದ ವಿನೆಗರಿನಲ್ಲಿರುವ ಆಮ್ಲಕ್ಕೆ, ಚಲಾವಣೆಯಲ್ಲಿದ್ದ 19 ಸೂತ್ರಗಳನ್ನು ಪಟ್ಟಿಮಾಡಿ ತೋರಿಸಿದನು.

ಈ ಗೊಂದಲವನ್ನು ಹೋಗಲಾಡಿಸಲು 1860ರ ಸೆಪ್ಟೆಂಬರ್ ತಿಂಗಳಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ರಸಾಯನವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನೆರೆಯಿತು. ಮೂರು ದಿನಗಳ ಚರ್ಚೆ ಯಾವ ತೀರ್ಮಾನವನ್ನೂ ತಲುಪಲಿಲ್ಲ. ಆದರೆ ಸಭೆ ಮುಗಿಯುವ ಹೊತ್ತಿಗೆ ಬಂದವರ ಕೈಗೆ ಚಿಕ್ಕದೊಂದು ಹೊತ್ತಗೆ ಸೇರಿತು. ಅದನ್ನು ಬರೆದವನು ಇಟಲಿಯ ಸ್ಟಾನಿಸ್ಲಾವೊ ಕಾನಿಜಾರೊ. ಜಿನೋವಾ ವಿಶ್ವವಿದ್ಯಾನಿಲಯದಲ್ಲಿ ತನ್ನ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರವನ್ನು ಯಾವ ಕ್ರಮದಲ್ಲಿ ಬೋಧಿಸುತ್ತಿದ್ದೇನೆ ಎಂಬುದನ್ನು ತಿಳಿಸಲು ಅವನು 1858ರಲ್ಲಿ ಪ್ರಕಟಿಸಿದ್ದ ಪಾಠಕ್ರಮದ ಸಾರಾಂಶವೇ ಅದು. ಅವೊಗಾಡ್ರೊನ ತತ್ತ್ವವನ್ನು ಪಟ್ಟುಹಿಡಿದು ಅನುಸರಿಸಿದರೆ, ಅನಿಲಗಳ ಸಾಂದ್ರತೆಗಳಿಂದಲೇ ಅಣುತೂಕಗಳನ್ನೂ ಅವುಗಳಿಂದ ಪರಮಾಣುತೂಕಗಳನ್ನೂ ನಿಸ್ಸಂದಿಗ್ಧವಾಗಿ ಪಡೆಯಬಹುದೆಂದು ಅದು ಹಂತಹಂತವಾಗಿ ತೋರಿಸಿಕೊಟ್ಟಿತು. ಊರಿಗೆ ಮರಳುವ ದಾರಿಯಲ್ಲಿ ಅದನ್ನೋದಿದ ಲೋಥರ್ ಮೇಯರನು, ಕಣ್ಣಿನ ಪೊರೆ ಕಳಚಿದಂತಾಯಿತೆಂದು ಮುಂದೆ ಸ್ಮರಿಸಿಕೊಂಡನು. ಅದೇ ಸಭೆಯಲ್ಲಿದ್ದ ರಷ್ಯದ ತರುಣ ಮೆಂಡಲೀವನು ಒಂಬತ್ತು ವರ್ಷಗಳ ಅನಂತರ, 1869ರಲ್ಲಿ, ಧಾತುಗಳ ಆವರ್ತ ಕೋಷ್ಟಕವನ್ನು ರಚಿಸಿದನು. ಅವೊಗಾಡ್ರೊ ಮಾತ್ರ ತನ್ನ ಮಾತಿಗೆ ಸಂದ ಮನ್ನಣೆಯನ್ನು ಕಾಣಲಿಲ್ಲ. ಅವನು 1856ರಲ್ಲಿಯೇ ತೀರಿಕೊಂಡಿದ್ದನು. ಐವತ್ತು ವರ್ಷಗಳ ಕಗ್ಗಂಟನ್ನು ಬಿಡಿಸಿದುದು ಹೊಸದೊಂದು ಸಂಶೋಧನೆಯಲ್ಲ, ಒಬ್ಬ ಅಧ್ಯಾಪಕನ ಪಾಠದ ಟಿಪ್ಪಣಿ ಎಂಬುದು ಅಧ್ಯಾಪಕವರ್ಗಕ್ಕೆ ಹೆಮ್ಮೆಯ ಸಂಗತಿ.

ಬಂಧದ ಸ್ವರೂಪ

ಆಮ್ಲಜನಕದ ಎರಡು ಪರಮಾಣುಗಳು ಏಕೆ ಕೂಡುತ್ತವೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಅದರ ಸುಳಿವು ದೊರೆತುದೂ ಅನಿಲಗಳಿಂದಲೇ. ಗಾಳಿಯಿಂದ ಪಡೆದ ಸಾರಜನಕವು ಲೀಟರಿಗೆ 1.257 ಗ್ರಾಂ ತೂಗುತ್ತಿದ್ದರೆ, ರಾಸಾಯನಿಕ ವಸ್ತುಗಳಿಂದ ಪಡೆದ ಸಾರಜನಕವು 1.250 ಗ್ರಾಂ ತೂಗುತ್ತಿತ್ತು. ಈ ಅತ್ಯಲ್ಪ ವ್ಯತ್ಯಾಸವನ್ನು ಉಪೇಕ್ಷಿಸದ ರ‍್ಯಾಲೆ ಮತ್ತು ರಾಮ್ಸೆ ಅವರು 1894ರಲ್ಲಿ ಗಾಳಿಯಲ್ಲಿ ಅಡಗಿದ್ದ ಆರ್ಗಾನ್ ಎಂಬ ಹೊಸ ಅನಿಲವನ್ನು ಪತ್ತೆಹಚ್ಚಿದರು. ಆರ್ಗಾನ್ ಯಾವುದರೊಡನೆಯೂ ಕೂಡುತ್ತಿರಲಿಲ್ಲ. ತನ್ನ ಜಾತಿಯ ಪರಮಾಣುವಿನೊಡನೆಯೂ ಕೂಡುತ್ತಿರಲಿಲ್ಲ. ಹೀಲಿಯಂ, ನಿಯಾನ್ ಮುಂತಾದ ಅದರ ಬಂಧುಗಳೂ ಹಾಗೆಯೇ ಒಂಟಿ ಪರಮಾಣುಗಳಾಗಿಯೇ ಇರುತ್ತಿದ್ದವು. ಹೀಗಾಗಿ ಅವುಗಳಿಗೆ ಜಡಾನಿಲಗಳೆಂಬ ಹೆಸರು ಬಂದಿತು. 1962ರಲ್ಲಿ ಬಾರ್ಟ್ಲೆಟನು ಕ್ಸೆನಾನಿನ ಸಂಯುಕ್ತವೊಂದನ್ನು ತಯಾರಿಸಿದ ಮೇಲೆ ಈ ಜಡತ್ವ ಪೂರ್ಣವಲ್ಲವೆಂಬುದು ತಿಳಿದುಬಂದಿತಾದರೂ, ಆ ವೇಳೆಗೆ ಅವು ಬಂಧಸಿದ್ಧಾಂತಕ್ಕೆ ದಾರಿ ತೋರಿಸಿಯಾಗಿತ್ತು.

1897ರಲ್ಲಿ ಎಲೆಕ್ಟ್ರಾನಿನ ಶೋಧವಾದ ಬಳಿಕ, ಜಡಾನಿಲಗಳ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳಿರುತ್ತವೆ, ಹೀಲಿಯಮಿನಲ್ಲಿ ಮಾತ್ರ ಎರಡು ಎಂಬುದು ಕ್ರಮೇಣ ಸ್ಪಷ್ಟವಾಯಿತು. ಇತರ ಪರಮಾಣುಗಳು ಸಂಯೋಗಹೊಂದಿ ಇದೇ ಬಗೆಯ ಸ್ಥಿರ ವ್ಯವಸ್ಥೆಯನ್ನು ಪಡೆಯುತ್ತವೆ ಎಂಬ ವಿಚಾರವನ್ನು 1916ರಲ್ಲಿ ಇಬ್ಬರು ಬೇರೆ ಬೇರೆಯಾಗಿ ಮಂಡಿಸಿದರು. ಜರ್ಮನಿಯ ಕೋಸೆಲನು ಎಲೆಕ್ಟ್ರಾನಿನ ವರ್ಗಾವಣೆಯನ್ನು ವಿವರಿಸಿದನು. ಸೋಡಿಯಂ ತನ್ನ ಹೊರಕವಚದ ಒಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಬಿಟ್ಟುಕೊಡುತ್ತದೆ. ಆಗ ಒಂದು ಧನ ಅಯಾನು, ಇನ್ನೊಂದು ಋಣ ಅಯಾನು ಆಗಿ ಪರಸ್ಪರ ಆಕರ್ಷಣೆಗೊಳಗಾಗುತ್ತವೆ. ನೀರಿಗೆ ಬಿದ್ದೊಡನೆ ಉಗ್ರವಾಗಿ ವರ್ತಿಸುವ ಲೋಹವೂ ಉಸಿರಾಟಕ್ಕೆ ವಿಷವಾದ ಅನಿಲವೂ ಕೂಡಿ, ಊಟಕ್ಕೆ ಬೇಕಾದ ಉಪ್ಪು ಹುಟ್ಟುತ್ತದೆ. ಅಮೆರಿಕದ ಗಿಲ್ಬರ್ಟ್ ಲೂಯಿಸನು ಎಲೆಕ್ಟ್ರಾನುಗಳ ಹಂಚಿಕೆಯನ್ನು ವಿವರಿಸಿದನು. ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನುಗಳನ್ನು ಸಮಾನವಾಗಿ ಅನುಭವಿಸಿದಾಗ ಉಂಟಾಗುವುದೇ ಸಹವೇಲೆನ್ಸೀಯ ಬಂಧ. ಈ ಬಂಧಕ್ಕೆ ಇಂದು ಬಳಕೆಯಲ್ಲಿರುವ 'ಕೋವೆಲೆಂಟ್' ಎಂಬ ಹೆಸರನ್ನು 1919ರಲ್ಲಿ ಲ್ಯಾಂಗ್ಮೂರನು ರೂಢಿಗೆ ತಂದನು. ಜಲಜನಕದ ಅಣುವಿನಲ್ಲಿ ಇಂತಹ ಒಂದು ಜೋಡಿ, ಸಾರಜನಕದ ಅಣುವಿನಲ್ಲಿ ಮೂರು ಜೋಡಿ. ಒಂದೇ ಗುಣದ ಎರಡು ಪರಮಾಣುಗಳು ಹೇಗೆ ಕೂಡಿಯಾವು ಎಂಬ ಬರ್ಜೀಲಿಯಸನ ಆಕ್ಷೇಪಣೆಗೆ ಹೀಗೆ ಸಮಾಧಾನ ದೊರೆಯಿತು. 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಎಂಬ ಭೌತವಿಜ್ಞಾನಿಗಳು ಕ್ವಾಂಟಂ ಸಿದ್ಧಾಂತದಿಂದ ಜಲಜನಕದ ಬಂಧವನ್ನು ಲೆಕ್ಕಹಾಕಿ ತೋರಿಸಿದರು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಬಂಧದಲ್ಲಿ ಶಕ್ತಿ ಅಡಗಿದೆ, ಬಂಧ ಒಡೆದಾಗ ಅದು ಹೊರಬರುತ್ತದೆ ಎಂಬ ಮಾತು ಅನೇಕರ ಬಾಯಲ್ಲಿದೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾದುದು. ಬಂಧವನ್ನು ಒಡೆಯಲು ಶಕ್ತಿಯನ್ನು ವ್ಯಯಿಸಬೇಕು. ಬಂಧ ಏರ್ಪಡುವಾಗ ಶಕ್ತಿ ಬಿಡುಗಡೆಯಾಗುತ್ತದೆ. ಹದಿನಾರು ಗ್ರಾಂ ಮೀಥೇನ್ ಉರಿಯುವಾಗ, ಅದರ ಮತ್ತು ಅದಕ್ಕೆ ಬೇಕಾದ ಆಮ್ಲಜನಕದ ಬಂಧಗಳನ್ನು ಒಡೆಯಲು ಸುಮಾರು 2,650 ಕಿಲೋಜೂಲ್ ಖರ್ಚಾಗುತ್ತದೆ. ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಬಂಧಗಳು ಏರ್ಪಡುವಾಗ ಸುಮಾರು 3,450 ಕಿಲೋಜೂಲ್ ದೊರೆಯುತ್ತದೆ. ಉಳಿದ 800 ಕಿಲೋಜೂಲೇ ನಮಗೆ ಸಿಗುವ ಶಾಖ. ಮೊದಲ ಖರ್ಚಿಗೆ ಚಾಲನೆ ಬೇಕಾಗುವುದರಿಂದಲೇ ಒಲೆಗೆ ಕಡ್ಡಿ ಗೀರಬೇಕಾಗುತ್ತದೆ.

ಎರಡು ಬಲಗಳ ಅಂತರ

ಈಗ ಆರಂಭದ ಪ್ರಶ್ನೆಯನ್ನು ಅಂಕಿಗಳಲ್ಲಿ ನೋಡಬಹುದು. ಒಂದು ಗ್ರಾಂ ನೀರನ್ನು 100 ಡಿಗ್ರಿಯಲ್ಲಿ ಹಬೆಯಾಗಿಸಲು 540 ಕ್ಯಾಲೊರಿ ಶಾಖ ಬೇಕೆಂಬುದನ್ನು ಎಲ್ಲರೂ ಓದಿದ್ದಾರೆ. ಹದಿನೆಂಟು ಗ್ರಾಂ ನೀರಿಗೆ ಇದು ಸುಮಾರು 41 ಕಿಲೋಜೂಲ್. ಅಷ್ಟೇ ನೀರಿನ ಅಣುಗಳೊಳಗಿನ ಬಂಧಗಳನ್ನು ಪೂರ್ಣವಾಗಿ ಒಡೆದು ಬಿಡಿ ಪರಮಾಣುಗಳನ್ನಾಗಿ ಮಾಡಲು ಸುಮಾರು 927 ಕಿಲೋಜೂಲ್ ಬೇಕು. ಒಂದಕ್ಕಿಂತ ಇನ್ನೊಂದು ಇಪ್ಪತ್ತು ಪಟ್ಟಿಗೂ ಮಿಗಿಲು. ಒಲೆಯ ಉರಿಯು ಅಣುಗಳನ್ನು ಒಂದರಿಂದೊಂದು ಬಿಡಿಸಬಲ್ಲುದು. ಅಣುವಿನ ಒಳಗಂಟನ್ನು ಬಿಚ್ಚಲಾರದು.

ಸಾರಜನಕವು ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ. ಅದರ ಎರಡು ಪರಮಾಣುಗಳ ನಡುವಣ ತ್ರಿಬಂಧವನ್ನು ಒಡೆಯಲು 28 ಗ್ರಾಮಿಗೆ 945 ಕಿಲೋಜೂಲ್ ಬೇಕು. ಜಲಜನಕದ ಬಂಧಕ್ಕೆ 436, ಆಮ್ಲಜನಕದ ಬಂಧಕ್ಕೆ 498 ಕಿಲೋಜೂಲ್ ಸಾಕು. ಒಳಗೆ ಇಷ್ಟು ಗಟ್ಟಿಯಾದ ಸಾರಜನಕವು ದ್ರವವಾಗಿದ್ದಾಗ ಶೂನ್ಯಕ್ಕಿಂತ 196 ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ. ಒಳಬಂಧ ಬಲವಾಗಿದ್ದರೆ ಕುದಿಬಿಂದು ಹೆಚ್ಚಾಗಿರಬೇಕೆಂಬ ಊಹೆ ಹೀಗೆ ನಿಲ್ಲುವುದಿಲ್ಲ.

ಮೀಥೇನ್, ಅಮೋನಿಯ, ನೀರು ಇವುಗಳ ಅಣುತೂಕ ಅನುಕ್ರಮವಾಗಿ 16, 17, 18. ತೂಕದಲ್ಲಿ ಇಷ್ಟು ಸಮೀಪವಾದರೂ ಮೀಥೇನ್ ಶೂನ್ಯಕ್ಕಿಂತ 161 ಡಿಗ್ರಿ ಕೆಳಗೆ, ಅಮೋನಿಯ 33 ಡಿಗ್ರಿ ಕೆಳಗೆ, ನೀರು ಶೂನ್ಯಕ್ಕಿಂತ 100 ಡಿಗ್ರಿ ಮೇಲೆ ಕುದಿಯುತ್ತವೆ. ನೀರಿನ ಅಣುವಿನಲ್ಲಿ ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಹೆಚ್ಚಾಗಿ ಎಳೆದುಕೊಳ್ಳುವುದರಿಂದ ಜಲಜನಕದ ತುದಿಗಳು ಕೊಂಚ ಧನವಾಗಿ, ನೆರೆಯ ಅಣುವಿನ ಆಮ್ಲಜನಕದತ್ತ ಸೆಳೆಯಲ್ಪಡುತ್ತವೆ. ಇದಕ್ಕೆ ಜಲಜನಕ ಬಂಧವೆಂದು ಹೆಸರು. ಹೆಸರಿನಲ್ಲಿ ಬಂಧವಿದ್ದರೂ ಇದು ಅಣುಗಳ ನಡುವಣ ಸೆಳೆತವೇ. ಈ ಸೆಳೆತವಿಲ್ಲದಿದ್ದರೆ ಭೂಮಿಯ ಸಾಮಾನ್ಯ ಉಷ್ಣತೆಯಲ್ಲಿ ನೀರು ಅನಿಲವಾಗಿಯೇ ಇರುತ್ತಿತ್ತು. ಕೆರೆ, ಹೊಳೆ, ಕಡಲುಗಳಿರುತ್ತಿರಲಿಲ್ಲ.

ಉಪ್ಪಿನ ಸಂಗತಿ ಬೇರೆ. ಅದರಲ್ಲಿ ಬಿಡಿ ಅಣುಗಳೇ ಇಲ್ಲ; ಹರಳಿನ ಉದ್ದಗಲಕ್ಕೂ ಅಯಾನುಗಳ ಬಂಧವೇ ಹಬ್ಬಿರುತ್ತದೆ. ಅದನ್ನು ಕರಗಿಸಬೇಕಾದರೆ ಬಂಧವನ್ನೇ ಸಡಿಲಿಸಬೇಕು. ಆದುದರಿಂದಲೇ ಉಪ್ಪು ಕರಗಲು 801 ಡಿಗ್ರಿ ಬೇಕಾಗುತ್ತದೆ.

ನಿಯಮದಿಂದ ಸರಿದ ಅನಿಲಗಳು

ಅನಿಲಗಳೆಲ್ಲವೂ ಒಂದೇ ನಿಯಮವನ್ನು ಪಾಲಿಸುವುದು ಅಣುಗಳು ದೂರ ದೂರವಾಗಿರುವಾಗ ಮಾತ್ರ. ಒತ್ತಡವನ್ನು ಏರಿಸಿ ಅಣುಗಳನ್ನು ಸಮೀಪಕ್ಕೆ ತಂದಾಗ, ಇಲ್ಲವೆ ತಂಪುಗೊಳಿಸಿ ಅವುಗಳ ವೇಗವನ್ನು ತಗ್ಗಿಸಿದಾಗ, ನಡುವಣ ಸೆಳೆತ ತಲೆಯೆತ್ತುತ್ತದೆ. ನೆದರ್ಲೆಂಡಿನ ವಾನ್ ಡರ್ ವಾಲ್ಸನು 1873ರ ತನ್ನ ಪ್ರಬಂಧದಲ್ಲಿ ಬಾಯಿಲನ ನಿಯಮಕ್ಕೆ ಎರಡು ತಿದ್ದುಪಡಿಗಳನ್ನು ಸೂಚಿಸಿದನು: ಅಣುಗಳು ತಾವೇ ಆಕ್ರಮಿಸುವ ಜಾಗಕ್ಕೆ ಒಂದು, ಅಣುಗಳ ಸೆಳೆತಕ್ಕೆ ಇನ್ನೊಂದು. ಇದಕ್ಕಾಗಿ 1910ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು.

ಅದಕ್ಕೂ ಮೊದಲು, 1869ರಲ್ಲಿ, ಥಾಮಸ್ ಆಂಡ್ರೂಸನು ಒಂದು ಮಹತ್ತ್ವದ ಸಂಗತಿಯನ್ನು ವಿವರಿಸಿದ್ದನು. ಇಂಗಾಲದ ಡೈಆಕ್ಸೈಡನ್ನು ಸುಮಾರು 31 ಡಿಗ್ರಿಗಿಂತ ಮೇಲೆ ಎಷ್ಟೇ ಒತ್ತಿದರೂ ಅದು ದ್ರವವಾಗುವುದಿಲ್ಲ. ಅದಕ್ಕಿಂತ ಕೆಳಗೆ ತಕ್ಕ ಒತ್ತಡದಿಂದ ದ್ರವವಾಗುತ್ತದೆ. ಪ್ರತಿಯೊಂದು ಅನಿಲಕ್ಕೂ ಇಂತಹ ಒಂದು ಮೇರೆಯಿದೆ. ಇದನ್ನು ಕ್ರಾಂತಿಕ ಉಷ್ಣತೆಯೆಂದು ಕರೆಯುತ್ತಾರೆ. ಆ ಮೇರೆಯನ್ನು ಮೀರಿದಾಗ ಅಣುಗಳ ಓಟವು ಅವುಗಳ ಸೆಳೆತವನ್ನು ಗೆಲ್ಲುತ್ತದೆ. ಎಂದೂ ದ್ರವವಾಗದ 'ಶಾಶ್ವತ ಅನಿಲ'ಗಳೆಂದು ಹೆಸರು ಪಡೆದಿದ್ದವು ಹೀಗೆ ಒಂದೊಂದಾಗಿ ಮಣಿದವು. ಡಿವಾರನು 1898ರಲ್ಲಿ ಜಲಜನಕವನ್ನೂ, ಕಾಮರ್ಲಿಂಗ್ ಓನ್ಸನು 1908ರಲ್ಲಿ ಹೀಲಿಯಮನ್ನೂ ದ್ರವವಾಗಿಸಿದರು. ಹೀಲಿಯಂ ಕುದಿಯುವುದು ಶೂನ್ಯಕ್ಕಿಂತ 269 ಡಿಗ್ರಿ ಕೆಳಗೆ. ಯಾರೊಡನೆಯೂ ಬಂಧ ಬೆಳೆಸದ ಹೀಲಿಯಮಿಗೂ ಅತಿ ಕ್ಷೀಣವಾದ ಪರಸ್ಪರ ಸೆಳೆತ ಇದ್ದೇ ಇದೆ ಎಂಬುದಕ್ಕೆ ಇದೇ ಸಾಕ್ಷಿ.

ಸಿಲಿಂಡರಿನ ಪಾಠ

ಮನೆಮನೆಯ ಅಡುಗೆ ಅನಿಲದ ಸಿಲಿಂಡರು ಈ ತತ್ತ್ವಗಳ ಮೂರ್ತರೂಪ. ಅದರಲ್ಲಿ ಮುಖ್ಯವಾಗಿ ಇರುವುದು ಪ್ರೊಪೇನ್ ಮತ್ತು ಬ್ಯುಟೇನ್. ಇವುಗಳ ಕ್ರಾಂತಿಕ ಉಷ್ಣತೆ ಅನುಕ್ರಮವಾಗಿ ಸುಮಾರು 97 ಮತ್ತು 152 ಡಿಗ್ರಿ. ಆದುದರಿಂದ ಸಾಮಾನ್ಯ ಉಷ್ಣತೆಯಲ್ಲಿಯೇ ಮಿತವಾದ ಒತ್ತಡದಿಂದ ಇವು ದ್ರವವಾಗಿ, 14.2 ಕಿಲೋಗ್ರಾಂ ಇಂಧನವು ಒಂದು ಸಣ್ಣ ಸಿಲಿಂಡರಿನಲ್ಲಿ ಅಡಕವಾಗುತ್ತದೆ. ಗೋಬರ್ ಅನಿಲದಲ್ಲಿ ಹೆಚ್ಚಿನ ಪಾಲು ಮೀಥೇನ್. ಅದರ ಕ್ರಾಂತಿಕ ಉಷ್ಣತೆ ಶೂನ್ಯಕ್ಕಿಂತ 82 ಡಿಗ್ರಿ ಕೆಳಗಿದೆ. ಹಿತ್ತಲಿನ ಗೋಬರ್ ಅನಿಲವನ್ನು ಅದೇ ಸಿಲಿಂಡರಿಗೆ ದ್ರವವಾಗಿ ತುಂಬಿಡಲು ಏಕಾಗದು ಎಂದು ರೈತರು ಕೇಳುವ ಪ್ರಶ್ನೆಗೆ ಉತ್ತರ ಇದೇ. ಮೀಥೇನನ್ನು ಬಹಳ ತಂಪುಗೊಳಿಸಬೇಕು, ಇಲ್ಲವೆ ಅನಿಲವಾಗಿಯೇ ಇನ್ನೂರು ವಾಯುಭಾರದಷ್ಟು ಒತ್ತಬೇಕು. ಅದಕ್ಕೆ ಬೇರೆಯೇ ಬಗೆಯ ಭದ್ರವಾದ ಪಾತ್ರೆ ಬೇಕು.

ಸಿಲಿಂಡರಿನಲ್ಲಿ ದ್ರವವು ಒಂದಿಷ್ಟು ಉಳಿದಿರುವವರೆಗೂ ಒಳಗಿನ ಒತ್ತಡ ಉಷ್ಣತೆಯನ್ನು ಅವಲಂಬಿಸಿರುತ್ತದೆಯೇ ಹೊರತು ಉಳಿದ ಇಂಧನದ ಮೊತ್ತವನ್ನಲ್ಲ. ಹೀಗಾಗಿ ಉರಿಯ ರಭಸವನ್ನು ನೋಡಿ ಎಷ್ಟು ಉಳಿದಿದೆಯೆಂದು ಹೇಳಲಾಗದು, ತೂಗಿಯೇ ತಿಳಿಯಬೇಕು. ಎಡೆಬಿಡದೆ ಬಳಸಿದಾಗ ಸಿಲಿಂಡರಿನ ಮೈ ತಣ್ಣಗಾಗುವುದೂ ಸಹಜ; ದ್ರವವು ಅನಿಲವಾಗಲು ಬೇಕಾದ ಶಾಖವನ್ನು ಅದರಿಂದಲೇ ಹೀರಿಕೊಳ್ಳುತ್ತದೆ.

ಅವೊಗಾಡ್ರೊನ ತತ್ತ್ವ ಇಲ್ಲಿ ಪ್ರಾಣರಕ್ಷಣೆಯ ಪಾಠವೂ ಆಗುತ್ತದೆ. ಸಮಾನ ಗಾತ್ರಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುವುದರಿಂದ, ಯಾವ ಅನಿಲದ ಅಣು ಭಾರವೋ ಆ ಅನಿಲವೇ ಭಾರ. ಗಾಳಿಯ ಸರಾಸರಿ ಅಣುತೂಕ 29. ಪ್ರೊಪೇನಿನದು 44, ಬ್ಯುಟೇನಿನದು 58. ಸೋರಿದ ಅಡುಗೆ ಅನಿಲವು ಮೇಲಕ್ಕೇರದೆ ನೆಲದ ಮೇಲೆ ಹರಡಿ ಮೂಲೆಗಳಲ್ಲಿ ಮಡುಗಟ್ಟುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲದ ಕಾರಣ ಘಾಟು ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಆ ವಾಸನೆ ಬಂದಾಗ ವಿದ್ಯುತ್ ಸ್ವಿಚ್ಚುಗಳನ್ನು ಹಾಕುವುದಾಗಲಿ ಆರಿಸುವುದಾಗಲಿ ಮಾಡದೆ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲುಗಳನ್ನು ತೆರೆದು, ಹೊರಗೆ ಬರಬೇಕು. ಮೇಲಿನ ಕಿಟಕಿಯೊಂದನ್ನೇ ತೆರೆದರೆ ಸಾಲದು.

1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದಲ್ಲಿ ನಡೆದುದನ್ನು ದೇಶ ಮರೆಯುವಂತಿಲ್ಲ. ಕೀಟನಾಶಕ ಕಾರ್ಖಾನೆಯ ತೊಟ್ಟಿಯಲ್ಲಿದ್ದ ಮೀಥೈಲ್ ಐಸೋಸಯನೇಟ್ ಎಂಬ ದ್ರವಕ್ಕೆ ನೀರು ಸೇರಿತು. ಹೊಸ ಬಂಧಗಳು ಏರ್ಪಟ್ಟು ಅಪಾರ ಶಾಖ ಹೊರಬಿದ್ದಿತು. ಕೇವಲ 39 ಡಿಗ್ರಿಯಲ್ಲಿ ಕುದಿಯುವ ಆ ದ್ರವ ಅನಿಲವಾಗಿ, ಒತ್ತಡ ಏರಿ, ಹೊರಕ್ಕೆ ನುಗ್ಗಿತು. ಅದರ ಅಣುತೂಕ 57. ಗಾಳಿಯ ಎರಡು ಪಟ್ಟಿನಷ್ಟು. ಅದು ಆಕಾಶಕ್ಕೇರಿ ಚದುರದೆ ನೆಲವನ್ನು ತಬ್ಬಿ ಮಲಗಿದ್ದವರ ಗುಡಿಸಲುಗಳೊಳಗೆ ಹರಿಯಿತು. ಸಾವಿರಾರು ಮಂದಿ ಪ್ರಾಣ ತೆತ್ತರು. ಪಾಠಪುಸ್ತಕದ ಮೂರು ಸರಳ ಸಂಗತಿಗಳು, ಎಂದರೆ ಬಂಧದ ಶಾಖ, ಕುದಿಬಿಂದು, ಅನಿಲದ ಸಾಂದ್ರತೆ, ಒಂದೇ ರಾತ್ರಿಯಲ್ಲಿ ಒಂದುಗೂಡಿದುದರ ಫಲವಿದು.

ಅನ್ನಕ್ಕೆ ಮೂಲವಾದ ಬಂಧಭೇದ

ಇದೇ ತತ್ತ್ವಗಳು ಕೋಟ್ಯಂತರ ಜನರಿಗೆ ಅನ್ನವನ್ನೂ ನೀಡಿವೆ. ಗಾಳಿಯ ಶೇಕಡ 78 ಭಾಗ ಸಾರಜನಕ. ಪೈರಿಗೆ ಸಾರಜನಕ ಅತ್ಯಾವಶ್ಯಕವಾದರೂ, ತ್ರಿಬಂಧದ ಗಟ್ಟಿತನದಿಂದಾಗಿ ಗಾಳಿಯಲ್ಲಿರುವುದನ್ನು ಅದು ನೇರವಾಗಿ ಬಳಸಿಕೊಳ್ಳಲಾರದು. ತೊಗರಿ, ಹೆಸರು, ಕಡಲೆ ಮುಂತಾದವುಗಳ ಬೇರುಗಂಟುಗಳಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಮಾತ್ರ ಮಣ್ಣಿನ ಉಷ್ಣತೆಯಲ್ಲಿಯೇ ಆ ಬಂಧವನ್ನು ಒಡೆಯಬಲ್ಲವು. ಜೋಳದೊಡನೆ ತೊಗರಿಯನ್ನು ಅಕ್ಕಡಿಯಾಗಿ ಬಿತ್ತುವ ರೈತರ ಪದ್ಧತಿಗೆ ಇದರಿಂದ ಬೆಂಬಲ ದೊರೆಯುತ್ತದೆ.

ಮನುಷ್ಯನು ಅದನ್ನು ಸಾಧಿಸಿದುದು 1909ರಲ್ಲಿ. ಅರ್ಧ ಶತಮಾನದ ಹಿಂದೆ ಸಮ್ಮೇಳನ ನೆರೆದಿದ್ದ ಅದೇ ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಸ್ ಹಾಬರನು ಸಾರಜನಕ ಮತ್ತು ಜಲಜನಕಗಳಿಂದ ಅಮೋನಿಯವನ್ನು ತಯಾರಿಸಿ ತೋರಿಸಿದನು. ಒಂದು ಪಾಲು ಸಾರಜನಕ, ಮೂರು ಪಾಲು ಜಲಜನಕ ಕೂಡಿ ಎರಡು ಪಾಲು ಅಮೋನಿಯವಾಗುತ್ತದೆ. ನಾಲ್ಕು ಗಾತ್ರ ಎರಡಕ್ಕಿಳಿಯುತ್ತದೆ. ಆದುದರಿಂದ ಒತ್ತಡ ಹೆಚ್ಚಿಸಿದಷ್ಟೂ ಅಮೋನಿಯ ಹೆಚ್ಚು. ತಂಪಾಗಿದ್ದರೆ ಇಳುವರಿ ಅಧಿಕವೇನೋ ಹೌದು. ಆದರೆ ತ್ರಿಬಂಧ ಸಡಿಲಲು ತಡವಾಗುತ್ತದೆ. ಇವೆರಡರ ನಡುವೆ ಹದ ಸಾಧಿಸಿ, ಕಬ್ಬಿಣದ ವೇಗವರ್ಧಕದೊಡನೆ 400ರಿಂದ 500 ಡಿಗ್ರಿ ಉಷ್ಣತೆಯಲ್ಲಿ, ಸುಮಾರು 200 ವಾಯುಭಾರದ ಒತ್ತಡದಲ್ಲಿ ಕ್ರಿಯೆಯನ್ನು ನಡೆಸುತ್ತಾರೆ. ಕಾರ್ಲ್ ಬಾಷನ ಪರಿಶ್ರಮದಿಂದ 1913ರಲ್ಲಿ ಜರ್ಮನಿಯ ಓಪಾವಿನಲ್ಲಿ ಮೊದಲ ಕಾರ್ಖಾನೆ ಕೆಲಸ ಪ್ರಾರಂಭಿಸಿತು. ಇಂದು ಪ್ರಪಂಚದ ಸುಮಾರು ಅರ್ಧದಷ್ಟು ಜನರ ಆಹಾರ ಈ ವಿಧಾನದ ರಸಗೊಬ್ಬರವನ್ನು ಅವಲಂಬಿಸಿದೆಯೆಂದು ಅಂದಾಜು ಮಾಡಲಾಗಿದೆ.

ತರಗತಿಯಲ್ಲಿ ಮಾಡಬಹುದಾದುದು

ಒಳಬಂಧಕ್ಕೂ ಹೊರಸೆಳೆತಕ್ಕೂ ಇರುವ ಭೇದವನ್ನು ಮನದಟ್ಟು ಮಾಡಿಸಲು ದುಬಾರಿ ಉಪಕರಣಗಳು ಬೇಕಿಲ್ಲ. ಒಂದು ಮೇಜಿನ ಮೇಲೆ ಎರಡು ಪ್ರಯೋಗಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ ಸಾಕು. ಒಂದೆಡೆ ನೀರನ್ನು ಕುದಿಸಿ, ಹಬೆಯನ್ನು ತಣ್ಣನೆಯ ತಟ್ಟೆಗೆ ತಾಗಿಸಿದರೆ ಮತ್ತೆ ನೀರಹನಿಗಳೇ ದೊರೆಯುತ್ತವೆ. ಇನ್ನೊಂದೆಡೆ ನೀರಿಗೆ ಚಿಟಿಕೆ ಅಡುಗೆ ಸೋಡವನ್ನು ಬೆರೆಸಿ, ಎರಡು ಸೀಸದಕಡ್ಡಿಗಳ ಮೂಲಕ ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ವಿದ್ಯುತ್ತನ್ನು ಹರಿಸಿ, ಮೇಲೇಳುವ ಅನಿಲಗಳನ್ನು ಎರಡು ಪ್ರನಾಳಗಳಲ್ಲಿ ಸಂಗ್ರಹಿಸಬೇಕು. ಅಡುಗೆ ಉಪ್ಪನ್ನು ಬೆರೆಸಬಾರದು. ವಿಷಾನಿಲವಾದ ಕ್ಲೋರಿನ್ ಉಂಟಾಗುತ್ತದೆ. ಒಂದು ಪ್ರನಾಳದಲ್ಲಿ ಸಂಗ್ರಹವಾಗುವ ಅನಿಲ ಇನ್ನೊಂದರದರ ಹೆಚ್ಚುಕಡಮೆ ಇಮ್ಮಡಿ. ಹೆಚ್ಚಿರುವುದಕ್ಕೆ ಉರಿಯುವ ಕಡ್ಡಿ ಹಿಡಿದರೆ 'ಪಟ್' ಎಂಬ ಸದ್ದು. ಕಡಮೆಯಿರುವುದರಲ್ಲಿ ಕೆಂಡವಾದ ಕಡ್ಡಿ ಮತ್ತೆ ಹೊತ್ತಿಕೊಳ್ಳುತ್ತದೆ. ಅಲ್ಲಿ ಸಡಿಲಿದುದು ಸೆಳೆತ. ಇಲ್ಲಿ ಒಡೆದುದು ಬಂಧ. ಗೇ-ಲುಸಾಕನ ಎರಡು ಮತ್ತು ಒಂದರ ಪ್ರಮಾಣವನ್ನು ವಿದ್ಯಾರ್ಥಿಯು ತನ್ನ ಕಣ್ಣಿನಿಂದಲೇ ಅಳೆಯುತ್ತಾನೆ.

ಶಾಲೆಯ ಪ್ರಯೋಗಶಾಲೆಗೆ ಒಂದು ಡಜನ್ ಪ್ರನಾಳಗಳನ್ನೋ ಕೆಲವು ಬ್ಯಾಟರಿಗಳನ್ನೋ ಒದಗಿಸುವ ದಾನಿಯ ಕೊಡುಗೆ ಮೊತ್ತದಲ್ಲಿ ಅಲ್ಪವೆನಿಸಬಹುದು. ಆದರೆ ಸೂತ್ರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೂ ಅದರ ಅರ್ಥವನ್ನು ಕಂಡ ವಿದ್ಯಾರ್ಥಿಗೂ ಇರುವ ವ್ಯತ್ಯಾಸ ಅಲ್ಪವಲ್ಲ. ಸೋರುವ ಅನಿಲದೆದುರು ಏನು ಮಾಡಬೇಕೆಂಬುದು, ಕಾರ್ಖಾನೆಯ ತೊಟ್ಟಿಯ ಕೀಲಿಕೈ ಕೈಗೆ ಬಂದಾಗ ಯಾವುದಕ್ಕೆ ಹೆದರಬೇಕೆಂಬುದು, ಹೊಲಕ್ಕೆ ಚೆಲ್ಲುವ ಗೊಬ್ಬರ ಯಾವ ಬಂಧವನ್ನು ಒಡೆದು ಬಂದುದೆಂಬುದು ಎರಡನೆಯವನಿಗೆ ತಿಳಿದಿರುತ್ತದೆ. ಅಂದು ಜಿನೋವಾದ ಅಧ್ಯಾಪಕನೊಬ್ಬನು ತನ್ನ ವಿದ್ಯಾರ್ಥಿಗಳಿಗಾಗಿ ಪಾಠವನ್ನು ಕ್ರಮವಾಗಿ ಜೋಡಿಸಿಕೊಂಡುದರಿಂದ ಶಾಸ್ತ್ರವೇ ದಾರಿ ಕಂಡುಕೊಂಡಿತು. ಇಂದಿನ ತರಗತಿಗಳಲ್ಲಿ ಅಷ್ಟೇ ಎಚ್ಚರದಿಂದ ಹೇಳಿಕೊಡುವ ಒಂದೊಂದು ಪಾಠವೂ ಅಂತಹ ಫಲವನ್ನು ಕೊಡಲು ಸಮರ್ಥವಾದುದೇ.